ಎರಡನೆಯ ಕೈ

ರವೀಂದ್ರನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ಚಟ್ನಿ ಬಟ್ಟಲಿನಷ್ಟೇ ದೊಡ್ಡದಾದ ಕರಿಯ ಬಳೆಯೊಂದು ಕೂತಿರುತ್ತದೆ. ಹೆಂಡತಿ ಅದನ್ನು ದಿನಕ್ಕೆರಡು ಬಾರಿ ಎತ್ತಿಡುತ್ತಾಳೆ, ನಾನು ಮತ್ತೆ ತಂದಿಡುತ್ತೇನೆ. ಟೆಲಿಕನ್ವರ್ಟರ್ ಎಂದು ಅದರ ಹೆಸರು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಇದನ್ನು ಕೂರಿಸಿದರೆ ಆಚೆ ದಡದ ಮಿಂಚುಳ್ಳಿ ಈಚೆ ದಡಕ್ಕೇ ಬಂದಂತಾಗುತ್ತದೆ, ನಿಜ. ಆದರೆ ಓದುಗ ಮಿತ್ರರೇ, ಹತ್ತಿರವಾಗಬೇಕೆಂಬ ಆಸೆಯಿಂದ ಸೇರಿಸಿಕೊಂಡ ಈ ಕೊಂಡಿಯಿಂದ ಕಳಚಿಕೊಳ್ಳುವ ಜಾಗವೂ ಒಂದಿದ್ದದ್ದು ಎರಡಾಗುತ್ತದೆ. ಇದು ನನಗೆ ತಡವಾಗಿ ತಿಳಿಯಿತು.

ಭದ್ರಾವತಿಯ ಕಾಗದನಗರದ ಸೆಲ್ವರಾಜ್ ನನ್ನ ಹಕ್ಕಿ ಹುಚ್ಚಿನ ಜೊತೆಗಾರರು, ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಪಾಳಿಯಲ್ಲೊಂದು ರೂಢಿಯಿತ್ತಂತೆ: ನಟ್ಟು ಬಿಗಿದವನ ಮಾತಷ್ಟೇ ಸಾಲದು, ಎರಡನೆಯವನೊಬ್ಬ ಬಂದು ಕೈಯಿಟ್ಟು ನೋಡಿ ಸೀಮೆಸುಣ್ಣದಲ್ಲಿ ಗೀಟೆಳೆದರೇ ಯಂತ್ರ ತಿರುಗುವುದು. ಆ ರೂಢಿಯನ್ನು ಅವರು ಭದ್ರೆಯ ದಂಡೆಗೂ ತಂದಿದ್ದರು. ನಾನು ಲೆನ್ಸ್ ಸಿಕ್ಕಿಸಿದೊಡನೆ ಕೈ ಚಾಚುವರು, ಎರಡೂ ಕೀಲುಗಳನ್ನು ಮೆಲ್ಲಗೆ ತಿರುಗಿಸಿ ನೋಡುವರು, ತಮ್ಮದನ್ನೂ ನನ್ನ ಕೈಗೆ ಕೊಡುವರು. ಅದರಲ್ಲಿ ಅನುಮಾನವೂ ಇರಲಿಲ್ಲ, ಅವಮಾನವೂ ಇರಲಿಲ್ಲ.

ನಾನೋ ಮೂವತ್ತು ವರ್ಷ ಮಕ್ಕಳ ಉತ್ತರ ತಿದ್ದಿದವನು. ನನ್ನದನ್ನು ಇನ್ನೊಬ್ಬರು ತಿದ್ದಿ ಅಭ್ಯಾಸವಿಲ್ಲ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಮಿಂಚುಳ್ಳಿ ಎದುರಿಗೇ ಕೂತಿರುವಾಗ ಅವರು ಕೈ ಚಾಚಿದರು. ಪಕ್ಕದಲ್ಲಿ ಅಪರಿಚಿತರಿಬ್ಬರು ನೋಡುತ್ತಿದ್ದರು. ನನಗೆ ರೇಗಿತು.

“ಒಂದು ಲೆನ್ಸ್ ಹಾಕೋಕೂ ಬರಲ್ವಾ ನನಗೆ? ಅಷ್ಟೂ ನಂಬಿಕೆ ಇಲ್ವಾ ನಿಮಗೆ?”

“ನಂಬಿಕೆ ಮಾತಲ್ಲ ಮೇಷ್ಟ್ರೇ, ಒಂದ್ಸಲ ನೋಡ್ತೀನಿ ಅಷ್ಟೇ.”

ನಾನು ಕೊಡಲಿಲ್ಲ. ಕೀಲು ಪೂರ್ತಿ ಕೂತಾಗ ‘ಟಕ್’ ಎನ್ನಬೇಕು; ಅವಸರದಲ್ಲಿ ಆ ಸದ್ದಿಗೆ ನಾನು ಕಾದೇ ಇರಲಿಲ್ಲ. ಕ್ಯಾಮೆರಾ ಎತ್ತಿದೆ, ಲೆನ್ಸ್ ಕಳಚಿತು. ಸೆಲ್ವರಾಜ್ ಬಗ್ಗಿ ಅದನ್ನು ಹಿಡಿದವರೇ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಲಗೈಯ ಮೇಲೆ ಬಿದ್ದರು. ಎಡಗೈಯಿಂದ ಎದೆಗವಚಿಕೊಂಡಿದ್ದ ಲೆನ್ಸಿಗೆ ಒಂದು ಗೀರೂ ಆಗಿರಲಿಲ್ಲ. ಅವರ ಮಣಿಕಟ್ಟು ಮುರಿದಿತ್ತು.

ಮೂಳೆಯೇನೋ ಕೂಡಿದೆ, ಆದರೆ ಬೆರಳುಗಳಿಗೆ ಮೊದಲಿನ ಸ್ಪರ್ಶ ಮರಳಿಲ್ಲ. ಅವರು ಒಂದು ದಿನವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಪ್ಪಾಯಿತು ಎನ್ನಲು ನಾನು ಎಷ್ಟೋ ಸಲ ಹೋಗಿ, ಕಾಫಿ ಕುಡಿದು, ಹವಾಮಾನ ಮಾತಾಡಿ ಬಂದಿದ್ದೇನೆ. ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ಕಳೆದ ಭಾನುವಾರ ಅವರ ಮನೆಯ ಜಗಲಿಯಲ್ಲಿ ಕೂತು, ಅವರೆದುರಿಗೇ ಎಲ್ಲವನ್ನೂ ಜೋಡಿಸಿದೆ. ಎರಡು ಸಲ ‘ಟಕ್’ ಎಂದದ್ದು ಇಬ್ಬರಿಗೂ ಕೇಳಿಸಿತು. ಆದರೂ ಅವರ ಮುಂದೆ ಹಿಡಿದೆ.

ಸೆಲ್ವರಾಜ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಲ್ಲಿ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಎಡಗೈಯಲ್ಲೂ ಪ್ರಯತ್ನಿಸಿದರು, ಆ ಕೈಗೆ ಆ ವಿದ್ಯೆ ಬಾರದು.

“ಗೊತ್ತಾಗ್ತಿಲ್ಲ ಮೇಷ್ಟ್ರೇ,” ಎಂದರು. “ನೀವು ಹಾಕಿದ್ದೀರಲ್ಲ, ಸರಿಯಾಗೇ ಇರುತ್ತೆ ಬಿಡಿ.”

ಅಂದು ದಂಡೆಯಲ್ಲಿ ಗದರಿ ಕೇಳಿದ್ದ ನಂಬಿಕೆಯನ್ನು ಅವರು ನನಗೆ ಕೊಟ್ಟೇಬಿಟ್ಟಿದ್ದರು. ನನಗೆ ಅದು ಬೇಕಿರಲಿಲ್ಲ. ಲೆನ್ಸನ್ನು ಕಳಚಿದೆ, ಮತ್ತೆ ಹಾಕಿದೆ, ಮತ್ತೆ ಅವರ ಕೈಗೇ ಇಟ್ಟೆ.

“ಇನ್ನೊಂದ್ಸಲ ನೋಡಿ,” ಎಂದೆ.