ಒಣಗಿದ ಬೋರ್ಡು

ಬೋರ್ಡು ಬರೆಯುವ ಮಾವ ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡೇ ಊಟ ಮಾಡುತ್ತಾನೆ. ಹೆಂಡತಿಯ ಪ್ರಕಾರ ನಿದ್ದೆಯೂ ಹಾಗೆಯೇ. ಜಾಗ ಸಾಲದೆ ಕೊನೆಯ ಅಕ್ಷರ ಮುದುಡಿತೆಂದರೆ ಎರಡು ದಿನ ಯಾರೊಂದಿಗೂ ಮಾತಿಲ್ಲ. ಏನು ಬರೆದೆ ಎಂದು ಕೇಳಿದರೆ, "ಅಕ್ಷರ ನಂದು, ಅರ್ಥ ಅವರ್ದು" ಎನ್ನುತ್ತಾನೆ. ಯುದ್ಧ ಶುರುವಾದಾಗ ಮಾತ್ರ ರೇಡಿಯೋ ಮುಂದೆ ಎದೆಯುಬ್ಬಿಸಿ ಕೂತ, ಮಗ ಸಿಪಾಯಿಯಲ್ಲವೆ. "ಕಡಲಾಚೆ ಪಾಪದ ಜನಾನ ಬಿಡಿಸೋಕೆ ಹೋಗಿದಾನೆ ಕಣೇ" ಎಂದು ಹೆಂಡತಿಗೆ ದಿನಾ ಹೇಳಿದ. ಮೂರನೆಯ ವಾರ ವಾರ್ತೆಯವರು ನಮ್ಮ ಸೈನ್ಯ ಹಿಡಿದ ಬಂದರಿನ ಹೆಸರು ಓದಿದರು. ಕಿವಿಯ ಬ್ರಷ್ಷಿಗೆ ಹೋದ ಅವನ ಕೈ ಅಲ್ಲೇ ನಿಂತಿತು. ಅವನೇ ಹಿಂದೆ ಬರೆದಿದ್ದ ಉದ್ದದ ಹೆಸರು, ಕೊನೆಯ ಅಕ್ಷರ ಮುದುಡಿತ್ತು. ಆ ದೇಶದೊಂದಿಗೆ ಜಗಳದ ಸುದ್ದಿಯೇ ಇಲ್ಲದಾಗ ಪೆಟ್ರೋಲ್ ಕಂಪನಿಯವರು ಬರೆಸಿದ್ದ ಬೋರ್ಡು ಅದು: ಆ ಊರಿನ ಶಾಖೆ, ಸಮಯ ಒಂಬತ್ತರಿಂದ ಐದು. ಅಲ್ಲಿನ್ನೂ ಶಾಖೆಯೇ ಇಲ್ಲವೆಂದು ತಿಳಿದು, "ಕೂಸು ಹುಟ್ಟೋಕೆ ಮುಂಚೆ ಕುಲಾವಿನಾ" ಎಂದು ಅವನು ನಕ್ಕಿದ್ದ. "ಯಾಕ್ರೀ, ಮುಖ ಹಾಗಾಯ್ತು?" ಎಂದಳು ಹೆಂಡತಿ. ಅವನು ರೇಡಿಯೋ ಆರಿಸಿದ. "ನಮ್ಮ ಹುಡುಗ ಹೊರಡೋ ಹೊತ್ತಿಗೆ, ನನ್ನ ಬೋರ್ಡು ಒಣಗಿ ಆರು ತಿಂಗಳಾಗಿತ್ತು ಕಣೇ."