ಗಂಟಲಲ್ಲಿ ಉಳಿದ ಗಾಳ

ನಮ್ಮ ಮನೆಯ ನೋಸ್ ಪ್ಲೇಯರ್ ಇಕ್ಕಳಕ್ಕೆ ಪೆಟ್ರೋಲಿನ ವಾಸನೆಯೂ ಇದೆ, ಹೊಳೆಮೀನಿನ ವಾಸನೆಯೂ ಇದೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಎರಡರಲ್ಲಿ ಒಂದೂ ಜಪ್ಪಯ್ಯ ಅನ್ನುವುದಿಲ್ಲ. ಕೊಕ್ಕರೆಯ ಕೊಕ್ಕಿನಂತೆ ಮೂತಿ ಚೂಪಾದ ಈ ಇಕ್ಕಳ ವಾರವೆಲ್ಲ ಕಳಸದ ನನ್ನ ಗ್ಯಾರೇಜಿನಲ್ಲಿ ಜೀಪುಗಳ ಹೊಟ್ಟೆಯೊಳಗೆ ತೂರುತ್ತದೆ, ಭಾನುವಾರ ಭದ್ರೆಯ ದಂಡೆಯಲ್ಲಿ ಮೀನಿನ ಬಾಯಿಗೆ ಇಳಿಯುತ್ತದೆ. ಮೀನು ಹಿಡಿದು, ಗಾಳ ಬಿಡಿಸಿ, ಮತ್ತೆ ನೀರಿಗೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬರುವ ಪುಣ್ಯಾತ್ಮ ನಾನು ಎಂದರೆ ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ. "ಬಿಡೋದಾದ್ರೆ ಹಿಡಿಯೋದು ಯಾಕೆ ಮಾರಾಯ?" ಎಂದು ಕೇಳದವರು ನಮ್ಮೂರಲ್ಲಿ ಯಾರೂ ಉಳಿದಿಲ್ಲ.

ಇದಕ್ಕೆಲ್ಲ ಮೂಲ ನಮ್ಮಮ್ಮ. ಹೆಂಡತಿ ಬಸುರಿಯಾಗಿರುವಾಗ ಗಂಡನಾದವನು ಜೀವ ತೆಗೆಯಬಾರದು ಎಂಬುದು ಅವಳ ಶಾಸ್ತ್ರ. ಹಾವು ಹೊಡೆಯಬಾರದು, ಕೋಳಿ ಕೊಯ್ಯಬಾರದು, ಕೊನೆಗೆ ಕುಂಬಳಕಾಯಿಯನ್ನೂ ಒಡೆಯಬಾರದು. ಹಾಗೆಂದು ಆ ಶಾಸ್ತ್ರದಲ್ಲಿ ಸಂದುಗೊಂದುಗಳಿಗೇನೂ ಬರವಿರಲಿಲ್ಲ. ಕರಾವಳಿಯಿಂದ ಐಸಿನಲ್ಲಿ ಮಲಗಿ ಘಟ್ಟ ಹತ್ತಿ ಬರುವ ಬಂಗುಡೆಗೆ ಅಮ್ಮ ತಾನೇ ಖಾರ ಅರೆದು ಸಾರು ಮಾಡುತ್ತಿದ್ದಳು, ಕೇಳಿದರೆ, "ಅದು ಸತ್ತೇ ಬಂದದ್ದಲ್ವ, ನೀನೇನು ಕೊಂದ್ಯಾ?" ಎನ್ನುತ್ತಿದ್ದಳು. ಅದೇ ನ್ಯಾಯ ಹಿಡಿದು ನಾನೂ ವಾದ ಹೂಡಿದೆ: ಹಿಡಿದ ಮೀನನ್ನು ಜೀವಂತ ಬಿಟ್ಟರೆ ಕೊಂದಂತಾಗುವುದಿಲ್ಲವಲ್ಲ? ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಎರೆಹುಳ?" ಎಂದಳು. ಅಲ್ಲಿಗೆ ಎರೆಹುಳಕ್ಕೂ ಅಭಯ ಸಿಕ್ಕಿತು, ನಾನು ಗೋಧಿಹಿಟ್ಟಿನ ಉಂಡೆಗೆ ಇಳಿದೆ.

ನಾನೇನೋ ತಮಾಷೆಯಾಗಿ ಹೇಳುತ್ತಿದ್ದೇನೆ. ಆಗ ಮನೆಯಲ್ಲಿ ಯಾರಿಗೂ ಅದು ತಮಾಷೆಯಾಗಿರಲಿಲ್ಲ. ನನ್ನ ಹೆಂಡತಿ ಸವಿತಾಳ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಗಿಬಿಟ್ಟಿತ್ತು. ಈಗ ಮತ್ತೆ ಐದನೇ ತಿಂಗಳು ನಡೆಯುತ್ತಿತ್ತು. ಸೋಮವಾರ ಚಿಕ್ಕಮಗಳೂರಿನಲ್ಲಿ ಸ್ಕ್ಯಾನಿಂಗ್. ಹಿಂದಿನ ದಿನ, ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುವುದಕ್ಕೆ ಆಗದೆ, ನಾನು ಹೊಳೆಯ ದಾರಿ ಹಿಡಿದೆ.

ಗಾಳ ಬಿಡಿಸುವುದು ಸಹ ಒಂದು ವಿದ್ಯೆ. ನಾನದನ್ನು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತವನು. ಗಾಳದ ತುದಿಯಲ್ಲಿ ಹಿಂದಕ್ಕೆ ತಿರುಗಿರುವ ಸಣ್ಣ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟರೆ ಅದು ಹೊಕ್ಕ ದಾರಿಯಲ್ಲೇ ಸಲೀಸಾಗಿ ಹೊರಗೆ ಬರುತ್ತದೆ. ಕೈ ಒದ್ದೆಯಿರಬೇಕು; ಒಣಗೈಗೆ ಮೈಯ ಲೋಳೆ ಅಂಟಿಕೊಂಡು ಬಂದರೆ ಮೀನಿಗೆ ಚರ್ಮ ಸುಲಿದಷ್ಟೇ ಕಷ್ಟ. ಕಿವಿರಿಗೆ ಬೆರಳು ಹಾಕಬಾರದು, ಹೊಟ್ಟೆ ಹಿಸುಕಬಾರದು, ಆದಷ್ಟೂ ನೀರಿನಿಂದ ಮೇಲೆತ್ತದೆ ಕೆಲಸ ಮುಗಿಸಬೇಕು. ಹಿಡಿಯುವವನಿಗೆ ಆಸೆಯೊಂದಿದ್ದರೆ ನಡೆಯುತ್ತದೆ, ಬಿಡುವವನಿಗೆ ಇಷ್ಟೆಲ್ಲ ಜೋಪಾನ ಬೇಕು. ಹೊಳೆಯ ದಂಡೆಯ ಆಚೆಗೂ ಈ ಮಾತು ಸುಳ್ಳಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಭಾನುವಾರ ಮಾತ್ರ ನನ್ನ ಜೋಪಾನ ಹೊಳೆಯ ಪಾಲಾಯಿತು. ಗಾಳದ ಕೋಲನ್ನು ಬಂಡೆಗೆ ಒರಗಿಸಿ ಸೋಮವಾರದ ಯೋಚನೆಯಲ್ಲೇ ಮುಳುಗಿದ್ದವನು ದಾರ ಬಿಗಿದದ್ದನ್ನು ನೋಡುವಷ್ಟರಲ್ಲಿ ತಡವಾಗಿತ್ತು. ಮೊಳದುದ್ದದ ಮೀನು. ಗಾಳ ತುಟಿಯಲ್ಲಿ ಇರಲಿಲ್ಲ. ದಾರ ನೆಟ್ಟಗೆ ಗಂಟಲೊಳಕ್ಕೆ ಇಳಿದಿತ್ತು. ಇಕ್ಕಳ ತೂರಿಸಿ ಒಮ್ಮೆ ಮೆಲ್ಲಗೆ ಎಳೆದೆ. ರಕ್ತ ಬಂತು. ತುಂಡಾದ ಬೋಲ್ಟನ್ನು ಒಳಗೇ ಬಿಟ್ಟು ಬಾನೆಟ್ ಮುಚ್ಚುವ ಮೆಕ್ಯಾನಿಕ್ ಎಲ್ಲಾದರೂ ಇದ್ದಾನೆಯೇ? ನನ್ನ ಕೈ ಎಳೆ, ಎಳೆ ಎನ್ನುತ್ತಿತ್ತು. ಆದರೆ ನುಂಗಿದ ಗಾಳವನ್ನು ಎಳೆಯಬಾರದು, ದಾರವನ್ನು ಬಾಯಿಯ ಹತ್ತಿರವೇ ಕತ್ತರಿಸಿ ಬಿಟ್ಟುಬಿಡಬೇಕು, ಎಳೆದರೆ ಸಾಯುವ ಮೀನು ಬಿಟ್ಟರೆ ಬದುಕಲೂಬಹುದು ಎಂದು ಅದೇ ವಿಡಿಯೋಗಳಲ್ಲಿ ಕೇಳಿ ತಿಳಿದಿದ್ದೆ. ಕತ್ತರಿಸಿದೆ. ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಸೊಂಟದವರೆಗೆ ತಣ್ಣೀರಿನಲ್ಲಿ ನಿಂತು, "ಹೋಗು ಮಾರಾಯ್ತಿ, ಹೋಗು" ಎಂದು ಬೇಡಿಕೊಂಡೆ. ದೇವರ ಮುಂದೆಯೂ ನಾನು ಹಾಗೆ ಬೇಡಿದವನಲ್ಲ. ಎಷ್ಟೋ ಹೊತ್ತಿನ ಮೇಲೆ ಬಾಲ ಒಮ್ಮೆ ಅಲುಗಿತು, ಅಂಗೈ ತಳ್ಳಿಕೊಂಡು ಮೀನು ಆಳಕ್ಕೆ ಹೋಯಿತು. ಹೋಯಿತು ನಿಜ, ಬದುಕುತ್ತದೋ ಇಲ್ಲವೋ ಯಾರಿಗೆ ಗೊತ್ತು?

ಮನೆಗೆ ಬಂದಾಗ ನನ್ನ ಮುಖ ನೋಡಿಯೇ ಅಮ್ಮ ಬಾಯಿ ಬಿಡಿಸಿ ವಿಷಯ ತಿಳಿದುಕೊಂಡಳು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. "ಬದುಕಿರುತ್ತೆ, ಸುಮ್ನಿರು" ಎಂದು ದೇವರ ಕೋಣೆಗೆ ಹೋಗಿ ಹೊತ್ತಲ್ಲದ ಹೊತ್ತಿನಲ್ಲಿ ದೀಪ ಹಚ್ಚಿದಳು. ನನಗೆ ಅದನ್ನು ನೋಡಿ ಇನ್ನಷ್ಟು ದಿಗಿಲಾಯಿತು. ಒಳಗೆ ನಾಳೆಯ ಬಟ್ಟೆ ಮಡಚುತ್ತಿದ್ದ ಸವಿತಾಳ ಹತ್ತಿರ ಹೋಗಿ, ಹೀಗೆ ಹೀಗಾಯಿತು, ನನ್ನಿಂದ ಏನಾದರೂ ಆಗಿಬಿಟ್ಟರೆ ಏನು ಮಾಡಲಿ ಎಂದೆ. ಅವಳು ತಲೆ ಎತ್ತದೆ ಸೀರೆಯ ಅಂಚು ಸರಿಮಾಡುತ್ತ ಹೇಳಿದಳು: "ಹೋದ ಸಲ ನೀವು ಒಂದು ಸೊಳ್ಳೆನೂ ಹೊಡ್ದಿರ್ಲಿಲ್ಲ ಕಣ್ರೀ."

ಹೌದಲ್ಲ! ಹೋದ ಸಲ ಗಾಳ ಅಟ್ಟ ಸೇರಿತ್ತು, ಇರುವೆಯ ಸಾಲು ಕಂಡರೂ ದಾಟಿಕೊಂಡು ನಡೆಯುತ್ತಿದ್ದೆ, ಆದರೂ ಆಗುವುದು ಆಗಿಹೋಗಿತ್ತು. ಯಾರ ತಪ್ಪೂ ಇಲ್ಲದ ಸಂಕಟಕ್ಕೆ ತಪ್ಪುಗಾರನನ್ನು ಹುಡುಕುತ್ತ, ಯಾರೂ ಸಿಗದೆ, ನಾವು ಮೂವರೂ ನಮ್ಮನಮ್ಮನ್ನೇ ಒಳಗೊಳಗೆ ಹಿಡಿದು ಎಳೆಯುತ್ತಿದ್ದೆವು. ನನಗೆ ಅಳು ಬಂತು, ನಾಚಿಕೆ ಬಿಟ್ಟು ಅತ್ತೆ. ಅವಳೂ ಅತ್ತಳು. ಆಮೇಲೆ ಇಬ್ಬರಿಗೂ ವಿಪರೀತ ಹಸಿವಾಗಿ ತಟ್ಟೆ ತುಂಬ ಬಡಿಸಿಕೊಂಡು ಊಟ ಮಾಡಿದೆವು.

ಮರುದಿನ ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿ ಎದೆಬಡಿತದ ಸದ್ದು ಜೋರು ಮಾಡಿದರು. ಎಷ್ಟೋ ಇಂಜಿನುಗಳ ಸದ್ದು ಕೇಳಿದವನು ನಾನು. ಇಷ್ಟು ಚಂದ ಓಡುವುದನ್ನು ಕೇಳಿದ್ದಿಲ್ಲ. ಆ ಸದ್ದಿನ ಒಡತಿ ಈಗ ಅಂಗಳವೆಲ್ಲ ತನ್ನದೇ ಎಂಬಂತೆ ಓಡಾಡುತ್ತಾಳೆ. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅಮ್ಮನಿಗೆ ಫೋನು ಮಾಡಿ, ಎಲ್ಲ ಸರಿಯಿದೆಯಂತಮ್ಮ, ಮಗು ಚೆನ್ನಾಗಿದೆಯಂತೆ ಎಂದೆ. ಆ ಕಡೆಯಿಂದ, ಹೊಳೆಯ ತಳವನ್ನೇ ಕಣ್ಣಾರೆ ಕಂಡು ಬಂದವಳ ಹಾಗೆ ಅಮ್ಮ ಕೂಗಿಕೊಂಡಳು: "ನಾನು ಹೇಳಿರ್ಲಿಲ್ವ ಮಾರಾಯ, ಆ ಮೀನು ಬದುಕಿದೆ ಅಂತ!"