ಕೋಟೆಗೆ ವಾಪಸಾದ ಗೋಡೆ

ನಮ್ಮ ದೊಡ್ಡಮ್ಮ ಹಠ ಹಿಡಿದರೆ ಮುಗಿಯಿತು, ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಹೊಲಿಗೆ ಅವಳ ಕಸುಬು. ಅಳತೆ ಕೊಡಲು ಬಂದವರು "ಸ್ವಲ್ಪ ಸಡಿಲ ಇರಲಿ" ಎಂದರೆ, "ದಪ್ಪ ಆಗೋ ಯೋಚನೆ ಇದ್ರೆ ಈಗ್ಲೇ ಹೇಳ್ಬಿಡಿ" ಎನ್ನುವ ಬಾಯಿ. ಕೋಟೆಯ ಹಿಂದಿನ ಗಲ್ಲಿಯಲ್ಲಿ ಅವಳ ಮನೆ. ಒಂದು ಅಡುಗೆಮನೆ, ಅದರ ಮಗ್ಗುಲಿಗೆ ಬೀದಿಗೆ ತೆರೆದುಕೊಂಡ ಹೊಲಿಗೆ ಕೋಣೆ. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದ್ದು ಆ ಕೋಣೆಯ ದುಡಿಮೆ.

ಕೋಟೆಯ ಕಥೆಯನ್ನೂ ಹೇಳಿಬಿಡುತ್ತೇನೆ, ಉದ್ದವೇನಿಲ್ಲ. ಹಡಗಿನಲ್ಲಿ ಬಂದ ಪರದೇಶದ ವ್ಯಾಪಾರಿಗಳು ತಮ್ಮ ಸರಕು ಕಾಯಲು ಸಮುದ್ರಕ್ಕೆ ಮುಖ ಮಾಡಿ ಅದನ್ನು ಕಟ್ಟಿದರು. ಅವರ ಬೆನ್ನಿಗೇ ಬಂದ ಇನ್ನೊಂದು ದೇಶದವರು ಫಿರಂಗಿ ಹಾರಿಸಿ ಕಿತ್ತುಕೊಂಡರು, ಬುರುಜು ಎತ್ತರಿಸಿದರು, ಮದ್ದಿನಮನೆ ಕಟ್ಟಿದರು. ಒಂದು ದಿನ ಅವರೂ ಗಂಟುಮೂಟೆ ಕಟ್ಟಿದರು. ಆಮೇಲಿನ ಸರದಿ ನಮ್ಮದು. ಮದ್ದಿಲ್ಲ, ಗುಂಡಿಲ್ಲ, ಬರೀ ಹಾರೆ ಹಿಡಿದುಕೊಂಡು ಹೋಗಿ ಕೋಟೆಯನ್ನೇ ಹೊತ್ತು ತಂದೆವು! ಗಲ್ಲಿಯ ಯಾವ ಮನೆಯ ಮೆಟ್ಟಿಲು ನೋಡಿ, ಯಾವ ಒಗೆಯುವ ಕಲ್ಲು ನೋಡಿ, ಎಲ್ಲ ಕೋಟೆಯದೇ. ಈಗ ಉಳಿದಿರುವುದು ಒಂದು ಬುರುಜು, ಚಾವಣಿ ಬಿದ್ದ ಮದ್ದಿನಮನೆ, ಕದವಿಲ್ಲದ ಹೆಬ್ಬಾಗಿಲು, ಸಮುದ್ರದ ಕಡೆಯ ಗೋಡೆ. ಆ ಗೋಡೆಯಲ್ಲೂ ಗಾಡಿ ನುಗ್ಗುವಷ್ಟು ಅಗಲದ ಕಂಡಿ. ಎಂಥ ಬುದ್ಧಿವಂತರು ನಾವು! ಅಲೆ ತಡೆಯುವ ಗೋಡೆಯ ಕಲ್ಲನ್ನೇ ಕಿತ್ತು, ಅದರ ಹಿಂದೆಯೇ ಮನೆ ಕಟ್ಟಿಕೊಂಡೆವು.

ಮಳೆಗಾಲದ ದೊಡ್ಡ ಅಲೆಗಳು ಆ ಕಂಡಿಯಿಂದ ಗಲ್ಲಿಗೆ ನುಗ್ಗತೊಡಗಿದವು. ಒಂದು ವರ್ಷ ದೊಡ್ಡಮ್ಮನ ಹೊಲಿಗೆ ಯಂತ್ರವೇ ಮೊಣಕಾಲುದ್ದ ಉಪ್ಪುನೀರಿನಲ್ಲಿ ನಿಂತಿತು. ನಗರಸಭೆಯ ಸಾಹೇಬರು ಬಂದು ನೋಡಿ, "ಇನ್ನೊಂದ್ಸಲ ನೀರು ನುಗ್ಗಿದ್ರೆ ಗಲ್ಲಿ ಖಾಲಿ ಮಾಡಿಸ್ತೀವಿ. ಊರಾಚೆ ಮನೆ ಕೊಡ್ತೀವಿ" ಎಂದರು.

"ಊರಾಚೆ ಯಾರ ಬಟ್ಟೆ ಹೊಲೀಲಿ, ಕಾಗೆಗಳದ್ದಾ?" ಎಂದಳು ದೊಡ್ಡಮ್ಮ. "ಕಂಡಿ ಮುಚ್ಚಿಸಿ, ಸಾಕು."

"ಅದು ಹಳೇ ಸ್ಮಾರಕ ಅಮ್ಮಾ. ಹಾಗೆಲ್ಲ ಮುಟ್ಟೋ ಹಾಗಿಲ್ಲ."

"ಮುಟ್ಟಿ ಕಿತ್ತಿದ್ದು ಮುಗಿದುಹೋಯ್ತು. ನಾವು ವಾಪಸ್ ಇಡ್ತೀವಿ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಇಡಿ, ನಾನಂತೂ ನೋಡಿಲ್ಲ" ಎಂದು ಜೀಪು ಹತ್ತಿದರು.

ಮಾರನೆಯ ದಿನವೇ ದೊಡ್ಡಮ್ಮ ತನ್ನ ಮನೆಯ ಮೆಟ್ಟಿಲನ್ನು ಮೀಟಿ ಎಬ್ಬಿಸಿದಳು. ನಾವಿಬ್ಬರೂ ಅದನ್ನು ಉರುಳಿಸಿಕೊಂಡು ಹೋಗಿ ಕಂಡಿಯಲ್ಲಿ ಇಟ್ಟೆವು. ಗಲ್ಲಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ! ಅವಳು ಮನೆಮನೆಗೂ ಹೋದಳು, ಬೇಡಿದಳು, ಬೈದಳು, ಕೊಡದವರ ಹೊಲಿಗೆ ಬಟ್ಟೆಯನ್ನು ಹಾಗೇ ಮೂಲೆಗೆ ಹಾಕಿದಳು. ಒಂದೊಂದಾಗಿ ಮೆಟ್ಟಿಲುಗಳು ಬಂದವು, ಒಗೆಯುವ ಕಲ್ಲುಗಳು ಬಂದವು. ಕಂಡಿ ಸೊಂಟದೆತ್ತರಕ್ಕೆ ಮುಚ್ಚಿತು. ಅಲ್ಲಿಗೆ ಕಲ್ಲೂ ಮುಗಿಯಿತು.

ಉಳಿದದ್ದು ಬೇಕರಿಯವನ ಅಂಗಡಿ ಮುಂದಿನ ಕಲ್ಲುಕಟ್ಟೆ. ಕೇಳಿದ್ದಕ್ಕೆ ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ ಅಕ್ಕಾ, ನಿಮ್ಮ ಹೊಲಿಗೆ ಕೋಣೆ ಗೋಡೆ ಯಾವ ಕಲ್ಲಿಂದು? ಹೇಳೋದು ಆಚಾರ, ತಿನ್ನೋದು ಬದನೆಕಾಯಿ!" ಎಂದ.

ದೊಡ್ಡಮ್ಮ ಸರಕ್ಕನೆ ತಿರುಗಿ ಮನೆಯ ಕಡೆ ನಡೆದಳು. ಅವನ ಮೇಲೆ ನನಗೆ ಮೈಯೆಲ್ಲ ಉರಿಯಿತು. ಆದರೆ ಅವನು ಹೇಳಿದ್ದು ನಿಜ. ದೋಣಿ ಮಾಡುವ ಬಡಗಿಯಾದ ನಮ್ಮ ದೊಡ್ಡಪ್ಪ, ಮದುವೆಯಾದ ಹೊಸದರಲ್ಲಿ, ಹೆಂಡತಿಯ ಯಂತ್ರಕ್ಕೊಂದು ಜಾಗ ಬೇಕೆಂದು ಕೋಟೆಯಿಂದ ಕಲ್ಲು ಹೊತ್ತು ತಂದು ಕಟ್ಟಿದ ಕೋಣೆ ಅದು.

ಮನೆಗೆ ಬಂದವಳೇ ಅವರ ಮುಂದೆ ನಿಂತಳು. "ರೀ, ಕೋಣೆ ಕೆಡವೋಣ."

"ತಲೆಗಿಲೆ ಕೆಟ್ಟಿದೆಯೇನೇ? ಒಂದೊಂದು ಕಲ್ಲೂ ಹೆಗಲ ಮೇಲೆ ಹೊತ್ತಿದೀನಿ ನಾನು!"

"ಗೊತ್ತು. ಅದಕ್ಕೇ ಕೇಳ್ತಿದೀನಿ. ಬೇರೆ ಯಾರಾದ್ರೂ ಕಟ್ಟಿದ್ರೆ ಇಷ್ಟೊತ್ತಿಗೆ ಕೆಡವಿರ್ತಿದ್ದೆ."

ದೊಡ್ಡಪ್ಪ ಎದ್ದು ದೋಣಿ ಕೆಲಸಕ್ಕೆ ಹೊರಟುಹೋದರು. ಮರುದಿನ ಬೆಳಗ್ಗೆ ನೋಡಿದರೆ ತಾವೇ ಮಾಡು ಹತ್ತಿ ಹೆಂಚು ಇಳಿಸುತ್ತಿದ್ದಾರೆ! "ಕಟ್ಟಿದವನಿಗೆ ಕೆಡವೋಕೂ ಬರುತ್ತೆ. ನೀವು ಕೈ ಹಾಕಿ ಹೆಂಚು ಒಡೀಬೇಡಿ" ಎಂದು ಗೊಣಗಿದರು.

ಕೋಣೆಯ ಗೋಡೆಗಳು ಒಂದೊಂದೇ ಸಾಲು ಇಳಿದವು. ಎದುರಿಗೆ ನಿಂತು ನೋಡುತ್ತಿದ್ದ ಬೇಕರಿಯವನು ಒಳಗೆ ಹೋಗಿ ಹಾರೆ ತಂದ, ತನ್ನ ಕಟ್ಟೆ ಬಿಚ್ಚಿದ. ದೊಡ್ಡಪ್ಪ ಕಲ್ಲಿಗೆ ಕಲ್ಲು ಕೂರಿಸಿ, ಸಂದಿಗೆ ಚಕ್ಕೆ ಬಡಿದು, ಕಂಡಿಯ ಗೋಡೆಯನ್ನು ತಲೆಗಿಂತ ಮೇಲಕ್ಕೆ ಏರಿಸಿದರು.

ದೊಡ್ಡ ಅಲೆಯ ದಿನಗಳು ಬಂದವು. ಗಲ್ಲಿಯವರೆಲ್ಲ ಹಾಸಿಗೆ, ಪಾತ್ರೆ ಅಟ್ಟಕ್ಕೆ ಏರಿಸಿದರು. ಮೇಜಿನ ಮೇಲಿದ್ದ ಯಂತ್ರವನ್ನು ದೊಡ್ಡಮ್ಮ ಅಡುಗೆಮನೆಯ ನೆಲಕ್ಕೆ ಇಳಿಸಿದಳು.

"ನೀರು ಬಂದ್ರೆ?" ಎಂದೆ.

"ಬಂದ್ರೆ ನೋಡ್ಕೊಳ್ಳೋಣ. ಮೇಲಿಟ್ರೆ ನಾನೇ ನಂಬಿಲ್ಲ ಅಂತಾಗುತ್ತೆ."

ಮಧ್ಯಾಹ್ನ ಸಮುದ್ರ ಏರಿತು. ಅಲೆ ಗೋಡೆಗೆ ಅಪ್ಪಳಿಸಿದಾಗಲೆಲ್ಲ ಕಾಲಡಿಯ ನೆಲ ಅದುರುತ್ತಿತ್ತು. ನೊರೆ ಹೆಂಚಿನ ಮೇಲೆ ಹಾರಿ ಬಿತ್ತು. ನಾವೆಲ್ಲ ಗೋಡೆಯ ಬಳಿ ನಿಂತು ನೆಲವನ್ನೇ ನೋಡುತ್ತಿದ್ದೆವು. ಸಂದಿಗಳಿಂದ ಜಿನುಗಿದ ನೀರು ಚರಂಡಿಯಲ್ಲಿ ಹರಿದುಹೋಯಿತು, ಅಷ್ಟೇ. ಸಂಜೆಗೆ ಸಮುದ್ರ ಹಿಂದೆ ಸರಿಯಿತು. ಬೇಕರಿಯವನು ದೊಡ್ಡಪ್ಪನನ್ನು ಅನಾಮತ್ತಾಗಿ ಎತ್ತಿಕೊಂಡು ಕುಣಿದ.

ಸುದ್ದಿ ಹೇಳಲು ಮನೆಗೆ ಓಡಿದೆ. ಕೋಣೆಯಿದ್ದ ಬರೀ ನೆಲದ ಮಧ್ಯೆ ನಿಂತು, ಸೆರಗನ್ನೂ ಬಾಯಿಗೆ ಒತ್ತಿಕೊಳ್ಳದೆ, ದೊಡ್ಡಮ್ಮ ಗೊಳೋ ಎಂದು ಅಳುತ್ತಿದ್ದಳು.

"ಅಯ್ಯೋ, ಗೆದ್ದ ಮೇಲೆ ಯಾರಾದ್ರೂ ಅಳ್ತಾರಾ ದೊಡ್ಡಮ್ಮಾ?"

"ಅದಕ್ಕೂ ಮುಂಚೆ ಪುರುಸೊತ್ತೆಲ್ಲಿತ್ತೇ?" ಎಂದಳು.